ನೀಲಿ ತೋರಸದ ಮಷೀನು

ನೂರಾ ಹದಿನೇಳು ಕ್ಯಾಸೆಟ್ಟು, ಎರಡು ಗೋದಿ ಚೀಲದಾಗ.
ಬಾಕಿ ಕೊಟ್ಟು ಒಯ್ಯಲಾರದವರ ಲಗ್ನ, ಕುಬಸ, ತೊಟ್ಟಲ.
ಮುಳುಗಡೆ ಬಂತು, ಓಣಿ ಓಣಿ ಎದ್ದು ಹೋತು.
ಗಿರಾಕಿ ಒಂದೊಂದು ಸೆಕ್ಟರಿಗೆ ಚದರಿದ್ರು,
ಕ್ಯಾಸೆಟ್ಟು ಮಾತ್ರ ನಮ್ಮ ಬೆನ್ನ ಹತ್ತಿ ನವನಗರಕ್ಕ ಬಂದ್ವು.

ಈಗ ಮನ್ನಿಕೇರಿ ಗಂಗವ್ವನ ಮೊಮ್ಮಗಳ ಫೋನು:
"ಆಂಟಿ, ನಮ್ಮವ್ವನ ಲಗ್ನದಾಗ ಹಳೇ ಬಾಗಲಕೋಟಿ ಮನಿ ಕಾಣತೈತಂತ,
ಪೆನ್‌ಡ್ರೈವಿಗೆ ಹಾಕಿಕೊಡ್ರಿ, ಅಜ್ಜಿ ಬಾಕೀನೂ ಕೊಡತೀನಿ."
ವಹಿ ತಗದು ನೋಡಿದೆ. ಮುನ್ನೂರೈವತ್ತು. ಖರೆ.

ನಮ್ಮ ವಿಸಿಆರ್ ಬಿಚ್ಚಿದ್ರ ಬೆಲ್ಟು ಕರಗಿ ಡಾಂಬರಾಗಿತ್ತು.
ಬಿಜಾಪುರದ ಬಸ್ ಹತ್ತಿದೆ. ಗಾಂಧಿ ಚೌಕದ ಹಿಂದ
ಲಾಡ್ಲೇಸಾಬ ಎರಡು ಮಷೀನು ಮುಂದಿಟ್ಟ.
ಒಂದು ಬೆಳ್ಳಿ ಬಣ್ಣದ್ದು, ನಾಕ ಹೆಡ್ಡಿಂದು, ಹೊಸ ಅಳಿಯನಂಗ.
ಇನ್ನೊಂದು ಕರೇದು, ಒಜ್ಜಿ, ಕ್ಯಾಸೆಟ್ಟು ನೆತ್ತಿಯಿಂದ ನುಂಗೂದು,
ಮಾರಿ ಮ್ಯಾಲ ಟ್ರ್ಯಾಕಿಂಗಿನ ಒಂದು ತಿರುವಣಿಕಿ.
"ಬೆಳ್ಳೀದು ಒಯ್ರಿ ಬಾಯಾರ, ಹೊಲಸ ತೋರಸಂಗಿಲ್ಲ ಇದು.
ಸಿಗ್ನಲ್ ಸಣ್ಣಾತಂದ್ರ ತಾನಽ ನೀಲಿ ಪರದೆ ಎಳೀತೈತಿ.
ಮರ್ಯಾದಸ್ಥ ಮಷೀನು."
ವಾರದ ಮಟ್ಟಿಗೆ ಎರಡೂ ಒಯ್ದು ನೋಡತೀನಿ ಅಂದೆ.

ಕಂಪ್ಯೂಟರಿಗೆ ಚುಚ್ಚೂ ಕಡ್ಡೀನೂ ಎರಡು ನಮೂನಿ ತರಿಸಿದೆ.
ಎಂಟನೂರರದ್ದು, ತಾಳಿ ಕಟ್ಟಿ ಮುಗದ ಮ್ಯಾಲ ವಾಲಗ ಊದತಿತ್ತು,
ಬೀಗರೆಲ್ಲಾ ನೇರಳಿಹಣ್ಣಿನ ಬಣ್ಣ.
ನಾಕ ಸಾವಿರದ್ದು ಮಾತನ್ನ ತುಟಿಗೆ ಕೂಡಸ್ತು.
ಮೂರು ತಿಂಗಳ ಫಾಲು-ಬೀಡಿಂಗಿನ ರೊಕ್ಕ, ಹೋಗಲಿ.

ಇವರು ಆರಾಮ ಕುರ್ಚಿಯಾಗ. ಕಣ್ಣಿನ ಆಪರೇಶನ್ ಆಗಿ ಒಂಬತ್ತು ದಿನ.
ತೊಂಬತ್ತಾರರಾಗ ಕ್ಯಾಮೆರಾ ಇವರ ಹೆಗಲ ಮ್ಯಾಲ,
ಲೈಟು ನನ್ನ ಕೈಯಾಗ. ಲೈಟ್ ಹಿಡಿಯೋ ಹುಡುಗ ಓಡಿಹೋಗಿದ್ದ,
ಪಗಾರಿಲ್ಲದ ಕೆಲಸಕ್ಕ ಹೆಂಡತಿ ಸಿಗತಾಳ.
ಸಾವಿರ ವ್ಯಾಟಿನ ಝಳ, ಮೊಣಕೈ ಮಟ ಬೆವರು.
ನೂರಾ ಹದಿನೇಳರಾಗೂ ಊರಿಗೆ ಊರಽ ಐತಿ,
ಬೆಳಕು ನಂದು. ನಾ ಇಲ್ಲ.

ಬೆಳ್ಳಿ ಮಷೀನಿನಾಗ ಪಡಸಾಲಿ ಬಂತು, ನಾಗೊಂದಿಗಿ ಮ್ಯಾಲಿನ ತಾಮ್ರದ ಕೊಡ,
ಗಂಗವ್ವ ಯಾರನ್ನೋ ಬೈಯುವುದು, ಎಲ್ಲಾ ನೆಟ್ಟಗ, ಒಗದು ಹಾಕಿದಂಗ.
ಮದುಮಗಳು ಕನ್ನಡಿ ಮುಂದ ಕುಂತಳು.
ನೀಲಿ.
ಹನ್ನೊಂದು ಸೆಕೆಂಡು ಬರೇ ನೀಲಿ.
ಹಿನ್ನೀರಿನಂಗ ಅನ್ನೂದಿತ್ತು, ಆದ್ರ ನಮ್ಮ ಹಿನ್ನೀರು ನೀಲಿ ಅಲ್ಲ,
ಚಾದ ಬಣ್ಣ.
"ಅಲ್ಲೆ ಟೇಪು ಸವದೈತಿ, ಮುಂದ ಓಡಸು," ಅಂದ್ರು ಇವರು,
ಕರೇ ಚಷ್ಮಾದ ಒಳಗ ಕಣ್ಣು ಮುಚಗೊಂಡು.

ಕರೇದಕ್ಕ ಹಾಕಿದೆ. ಜ್ವಾಳ ತೂರಿದಂಗ ಬಿಳಿ ಚುಕ್ಕಿ,
ನಡಾ ಮುರಿದ ಗೆರಿ, ಕರಕರ ಸಪ್ಪಳ.
ತಿರುವಣಿಕಿ ಎಳ್ಳಿನಷ್ಟು ತಿರುವಿದೆ, ಮತ್ತ ಎಳ್ಳಿನಷ್ಟು.
ಹೊಟ್ಟು ಹಾರಿಧೋದ ಮ್ಯಾಲ ಕಾಳು ಉಳಿದಂಗ
ಕನ್ನಡಿಯೊಳಗ, ಮದುಮಗಳ ದಂಡಿಯ ಹಿಂದ,
ಕೈ ಎತ್ತಿ ನಿಂತಾಕಿ ಒಬ್ಬಾಕಿ, ಹಳದಿ ಸೀರಿ,
ಹಣಿಗೆ ಕೂದಲಾ ಅಂಟಿ, ಕೆಳಗಿನ ತುಟಿ ಕಚಗೊಂಡು.
ಮದುಮಗಳು ಎದ್ದು ಹೋಗ್ಯಾಳ.
ಕ್ಯಾಮೆರಾ ಹೋಗವಲ್ದು.

ಲಾಡ್ಲೇಸಾಬಗ ಫೋನಿನ್ಯಾಗ ಕೇಳಿದೆ.
"ಒಂದಽ ಕಡೆ ಸವದೈತೇನ್ರಿ? ಯಾರೋ ಅಲ್ಲೇ ಪಾಜ್ ಮಾಡಿ ಮಾಡಿ ನೋಡ್ಯಾರ.
ಚಿತ್ರ ನಿಂತರೂ ಹೆಡ್ಡು ನಿಲ್ಲಂಗಿಲ್ಲ, ಅಲ್ಲೇ ತಿಕ್ಕತಿರತೈತಿ."
ಯಾರು ಅಂತ ಅಂವಾ ಕೇಳಲಿಲ್ಲ.

ಬೆಳ್ಳೀದು ತಿರುಗಿ ಬಸ್ ಹತ್ತಿತು.
ಮೊಮ್ಮಗಳಿಗೆ ಹೇಳೀನಿ, ನಡುವ ಒಂದೀಟು ಹೊಲಸು ಬರತೈತಿ,
ಬಾಕಿಯೊಳಗ ಐವತ್ತು ಮುರಕೋ ಅಂತ.

ಸಂಜಿಗೆ ಇವರು ಕೇಳಿದ್ರು, "ಯಾವುದು ಇಟಗೊಂಡಿ?"
"ಕರೇದು."
"ಅದರಾಗ ಸ್ವಚ್ಛ ಕಾಣಂಗಿಲ್ಲಲ್ಲ."
"ಕಣ್ಣು ಬಿಡ್ರಿ," ಅಂದೆ,
"ಹನಿ ಹಾಕೂದೈತಿ."